ನೆರೆ, ಗುಡ್ಡಕುಸಿತ, ಬೆಂಕಿಯ ನಂತರ ಮತ್ತೆ ದುಡಿಮೆಗೆ: ಜೊತೆಗೆ ನಿಲ್ಲುವವರಿಗೊಂದು ಕೈಪಿಡಿ

ಪರಿಹಾರ ಶಿಬಿರದಲ್ಲಿ ಅಕ್ಕಿ, ಬಟ್ಟೆ, ಚಾಪೆ ಹಂಚಿ ಮುಗಿಯುವಷ್ಟರಲ್ಲಿ ಏಳುವ ಪ್ರಶ್ನೆ: ‘ಇನ್ನು ಕೆಲಸಕ್ಕೇನು ಮಾಡುವುದು?’ ಕಾಸರಗೋಡಿನ ಕಡೆ ಈ ಪ್ರಶ್ನೆಯ ಎದುರು ಕೂರುವವರು ಹೆಚ್ಚಾಗಿ ವಾರ್ಡ್ ಮೆಂಬರು, ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಪಂಚಾಯತು ಮಟ್ಟದ ಸಮಿತಿ ಸಿ.ಡಿ.ಎಸ್.ನವರು, ನಿವೃತ್ತ ಮಾಷ್ಟ್ರು, ಟೀಚರು, ಇಲ್ಲವೇ ವಾಚನಾಲಯದ ಹುಡುಗರು. ಇದು ಅವರಿಗಾಗಿ. 2018ರ ಮಹಾನೆರೆ, 2024 ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಹತ್ತಿದ ಬೆಂಕಿ, ಅದೇ ವರ್ಷ ಜುಲೈ 30ರ ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಗುಡ್ಡಕುಸಿತ, ಅಕ್ಟೋಬರ್ ಕೊನೆಯಲ್ಲಿ ನೀಲೇಶ್ವರದ ಸುಡುಮದ್ದು ಅವಘಡ, ಇವೆಲ್ಲದರ ನಡುವೆ ಉಪ್ಪಳ ಮುಸೋಡಿ, ಕುಂಬಳೆ ಕೊಯಿಪ್ಪಾಡಿ ಕಡೆ ಬಿಡದೆ ಕಾಡುವ ಕಡಲ್ಕೊರೆತ. ಒಂದೊಂದರ ಪೆಟ್ಟು ಒಂದೊಂದು ಬಗೆ. ಆದರೆ ಮತ್ತೆ ಕೆಲಸಕ್ಕೆ ಹೊರಡುವವರ ತೊಡಕು ಹೆಚ್ಚುಕಡಿಮೆ ಒಂದೇ.

ಕೆಲಸದ ಮಾತು ಬೇಗ ಶುರುವಾಗಬೇಕು, ಕೆಲಸದ ತೀರ್ಮಾನ ತಡವಾಗಬೇಕು. ನಡೆಯುವುದು ಇದಕ್ಕೆ ತಿರುಗುಮುರುಗು. ಮೊದಲ ತಿಂಗಳು ‘ಪಾಪ, ಈಗ ಕೆಲಸದ ಮಾತೆತ್ತಬಾರದು’ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಪರಿಹಾರದ ಹಣ ಖಾತೆಗೆ ಬಿದ್ದ ವಾರದಲ್ಲೇ ಆಟೋರಿಕ್ಷಾ ಬುಕ್ ಆಗಿರುತ್ತದೆ, ಇಲ್ಲವೇ ಏಜೆಂಟನ ಕೈಗೆ ಪಾಸ್‌ಪೋರ್ಟ್ ಹೋಗಿರುತ್ತದೆ. ಮೊದಲ ಮೂರು ತಿಂಗಳು ಜಾಗ ಮಾರುವುದು, ದೊಡ್ಡ ಸಾಲ ಎತ್ತುವುದು, ಕಸುಬನ್ನೇ ಬಿಡುವುದು, ಈ ಮೂರೂ ಬೇಡ. ಉಳಿದದ್ದನ್ನೆಲ್ಲ ಮಾಡಬಹುದು.

ಮೊದಲ ಭೇಟಿ

ನಲ್ವತ್ತು ನಿಮಿಷ ಸಾಕು. ಆಘಾತವಾದವರ ನಿದ್ದೆ ಕೆಟ್ಟಿರುತ್ತದೆ, ಗಮನ ನಿಲ್ಲುವುದಿಲ್ಲ, ಕೇಳಿದ್ದು ನೆನಪಿರುವುದಿಲ್ಲ. ಎರಡು ಗಂಟೆ ವಿವರಿಸಿ ಕಳಿಸಿದ್ದು ಬಸ್ ಸ್ಟ್ಯಾಂಡ್ ತಲಪುವುದರೊಳಗೆ ಮರೆತುಹೋಗುತ್ತದೆ, ಮುಂದಿನ ವಾರ ನಾವು ‘ಅವರಿಗೇ ಆಸಕ್ತಿಯಿಲ್ಲ’ ಎಂದು ಬರೆದುಬಿಡುತ್ತೇವೆ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ ಇರಲಿ. ಅವರು ಕೂತಲ್ಲಿಂದ ಬಾಗಿಲು ಕಾಣಬೇಕು. ಗುಡ್ಡೆ ಜರಿದು ಮನೆ ಹೋದವರನ್ನು ಗುಡ್ಡೆಯ ಬುಡದ ಪಂಚಾಯತು ಕೋಣೆಗೆ ಕರೆಯಬೇಡಿ. ಸುಟ್ಟ ಗಾಯದವರನ್ನು ಹೋಟೆಲಿನ ಒಲೆಯ ಪಕ್ಕ ಕೂರಿಸಬೇಡಿ.

‘ಆ ರಾತ್ರಿ ಏನಾಯಿತು?’ ಎಂದು ಕೇಳಲೇಬಾರದು. ವಿಲ್ಲೇಜ್ ಆಫೀಸಿನಲ್ಲಿ ಒಮ್ಮೆ, ಪೋಲೀಸಿನವರಿಗೆ ಒಮ್ಮೆ, ಚಾನೆಲಿನವರಿಗೆ ಹತ್ತು ಸಲ ಹೇಳಿ ಬಂದಿರುತ್ತಾರೆ. ಒತ್ತಾಯದಿಂದ ಮತ್ತೆ ಹೇಳಿಸಿದರೆ ಮನಸ್ಸು ಹಗುರಾಗುವುದಿಲ್ಲ, ಕೆಲವರಿಗೆ ಅದರಿಂದಲೇ ಕೆಟ್ಟ ಕನಸು ಹೆಚ್ಚಾಗುತ್ತದೆ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ಕೇಳಬೇಕಾದ್ದು ಈ ಬಗೆಯದು: ‘ಅಕ್ಕಾ, ರಾತ್ರಿ ಸ್ವಲ್ಪವಾದರೂ ನಿದ್ದೆ ಬರ್ತದಾ? ಈ ವಾರ ಯಾವೆಲ್ಲ ಆಫೀಸಿಗೆ ಹೋಗಲಿಕ್ಕುಂಟು? ಮನೆಯಲ್ಲಿ ಈಗ ದುಡಿಯುವವರು ಯಾರೆಲ್ಲ?’ ‘ನಿಮ್ಮ ಗುರಿ ಏನು, ಐದು ವರ್ಷದ ನಂತರ ಎಲ್ಲಿರಬೇಕು’ ಎಂಬ ತರಬೇತಿ ಪುಸ್ತಕದ ಪ್ರಶ್ನೆ ಈ ಹೊತ್ತಿಗೆ ಕ್ರೂರವೇ ಸರಿ.

ಹೊರಡುವಾಗ ಕೈಗೊಂದು ಚೀಟಿ ಕೊಡಿ, ಮೂರು ಸಾಲಿಗಿಂತ ಹೆಚ್ಚಿಲ್ಲದ್ದು (ಅಕ್ಷಯ ಎಂದರೆ ಸರಕಾರಿ ಅರ್ಜಿಗಳ ಆನ್‌ಲೈನ್ ಸೇವಾ ಕೇಂದ್ರ):

ಮಂಗಳವಾರ 10 ಗಂಟೆಗೆ ಅಕ್ಷಯ ಕೇಂದ್ರ.
ಫೋನು, ರೇಶನ್ ಕಾರ್ಡಿನ ನಂಬ್ರ ತೆಗೆದುಕೊಂಡು ಹೋಗುವುದು.
ಜೊತೆಗೆ ಪಕ್ಕದ ಮನೆಯ ಅಕ್ಕ ಬರುತ್ತಾರೆ.

ವಾರಕ್ಕೆ ಎರಡು ಕೆಲಸಕ್ಕಿಂತ ಹೆಚ್ಚು ಬರೆಯಬೇಡಿ. ಇದೇ ಚೀಟಿಯ ಪ್ರತಿ ನಿಮ್ಮ ಪುಸ್ತಕದಲ್ಲೂ ಇರಲಿ. ಅವರು ಮರೆತದ್ದನ್ನು ಬೈಯದೆ ನೆನಪಿಸುವುದು ಮೊದಲ ತಿಂಗಳಲ್ಲಿ ನಿಮ್ಮ ಮುಖ್ಯ ಕೆಲಸ.

ಕಾಗದಪತ್ರ

ನೀರಿನಲ್ಲಿ ನೆನೆದ ಎಸ್ಸೆಸ್ಸೆಲ್ಸಿ ಪುಸ್ತಕ (ಅಂಕಗಳ ಸರ್ಟಿಫಿಕೇಟು), ಜಾಗದ ಆಧಾರ ಪತ್ರ ಸಿಕ್ಕಿದರೆ ಹಾಳೆ ಬಿಡಿಸಲು ಹೋಗಬೇಡಿ, ಹರಿಯುತ್ತದೆ. ಕೆಸರಿದ್ದರೆ ಅಗಲ ತಟ್ಟೆಯ ತಣ್ಣೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ, ಉಜ್ಜಬೇಡಿ. ಇಂಕಿನಲ್ಲಿ ಕೈಯಿಂದ ಬರೆದದ್ದು, ಸೀಲು ಹಾಕಿದ್ದು ಇದ್ದರೆ ಆ ನೀರೂ ಬೇಡ, ಬಣ್ಣ ಕದಡುತ್ತದೆ. ಮೇಲೂ ಕೆಳಗೂ ಅಚ್ಚಿಲ್ಲದ ಬಿಳಿ ಹೀರುಕಾಗದವೋ ಹತ್ತಿ ಬಟ್ಟೆಯೋ ಇಟ್ಟು ನೆರಳಿನಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ, ಒದ್ದೆಯಾದ ಕಾಗದವನ್ನು ಬದಲಿಸುತ್ತಿರಿ. ಬಿಸಿಲು, ಇಸ್ತ್ರಿಪೆಟ್ಟಿಗೆ ಎರಡೂ ಬೇಡ. 48 ಗಂಟೆ ದಾಟಿದರೆ ಬೂಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ಒಣಗಿಸಲಾಗದಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟು, ಪುರುಸೊತ್ತಾದಾಗ ಒಂದೊಂದೇ ತೆಗೆದು ಒಣಗಿಸಬಹುದು. ಒದ್ದೆ ಇರುವಾಗ ಲ್ಯಾಮಿನೇಶನ್ ಮಾಡಿಸಿದರೆ ಒಳಗೇ ಕೊಳೆಯುತ್ತದೆ.

ಪೂರ್ತಿ ಹೋದದ್ದಾದರೆ ಆಧಾರ್‌ನಿಂದ ಶುರುಮಾಡಿ. ಅದಿಲ್ಲದೆ ಬ್ಯಾಂಕು, ರೇಶನ್ ಕಾರ್ಡು, ಡಿಜಿಲಾಕರ್ ಯಾವುದೂ ಮುಂದೆ ಹೋಗುವುದಿಲ್ಲ. ಫೋನ್ ನೆರೆಯಲ್ಲಿ ಹೋಗಿದ್ದರೆ ಅದಕ್ಕೂ ಮೊದಲು ಅದೇ ನಂಬ್ರದ ಸಿಮ್ ತೆಗೆಸಬೇಕು, ಯಾಕೆಂದರೆ ಒ.ಟಿ.ಪಿ. ಬರುವುದು ಆ ನಂಬ್ರಕ್ಕೆ. ಈ ಒಂದು ಅನುಕ್ರಮ ತಪ್ಪಿ ಅಕ್ಷಯ ಕೇಂದ್ರಕ್ಕೆ ನಾಲ್ಕೈದು ಸಲ ಅಲೆಯುವವರನ್ನು ಎಲ್ಲ ಕಡೆಯೂ ಕಾಣಬಹುದು. ಎಸ್ಸೆಸ್ಸೆಲ್ಸಿ ಪುಸ್ತಕದ ನಕಲಿಗೆ ಓದಿದ ಶಾಲೆಯ ಹೆಡ್‌ಮಾಷ್ಟ್ರನ್ನು ಹಿಡಿಯಿರಿ, ಅರ್ಜಿ ಅವರ ಮೂಲಕ ಪರೀಕ್ಷೆ ನಡೆಸುವ ಕಚೇರಿಯಾದ ಪರೀಕ್ಷಾಭವನಕ್ಕೆ ಹೋಗುತ್ತದೆ. 2018ರಲ್ಲೂ 2024ರಲ್ಲೂ ಸರಕಾರ ದಾಖಲೆ ಕಳಕೊಂಡವರಿಗಾಗಿ ವಿಶೇಷ ಅದಾಲತ್ ನಡೆಸಿತ್ತು. ಅಂಥದ್ದು ಇದೆಯೇ ಎಂದು ತಾಲೂಕು ಆಫೀಸಿನಲ್ಲಿ ಕೇಳದೆ ಯಾರಿಗೂ ದುಡ್ಡು ಕೊಡಬೇಡಿ.

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಅರ್ಜಿಯನ್ನು ಕನ್ನಡದಲ್ಲೇ ಬರೆದು ಕೊಡಬಹುದು, ಉತ್ತರವನ್ನೂ ಕನ್ನಡದಲ್ಲಿ ಕೇಳಬಹುದು. ಅದು ಭಾಷಾ ಅಲ್ಪಸಂಖ್ಯಾತರ ಹಕ್ಕು. ಆದರೂ ಮಲೆಯಾಳದ ಫಾರ್ಮಿಗೇ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸುವುದುಂಟು. ಏನು ಬರೆದಿದೆ ಎಂದು ಓದಿ ಹೇಳದೆ ಸಹಿ ಹಾಕಿಸಬೇಡಿ.

ತಿಂಗಳ ಲೆಕ್ಕ

ಯಾವ ಕೆಲಸ ಎಂಬುದಕ್ಕಿಂತ ಮೊದಲು ತಿಂಗಳಿಗೆ ಎಷ್ಟು ಬೇಕು ಎಂಬುದು ಗೊತ್ತಾಗಬೇಕು. ಉದಾಹರಣೆಗೆ ಬಾಡಿಗೆ ಮನೆಗೆ ಬಂದ ನಾಲ್ವರ ಸಂಸಾರ: ಅಕ್ಕಿ ಸಾಮಾನು 7,000, ಬಾಡಿಗೆ 4,000, ಔಷಧ 1,500, ಮಕ್ಕಳ ಬಸ್ಸು ಪುಸ್ತಕ 1,500, ಸಂಘದ ಕಂತು 2,000. ಒಟ್ಟು 16,000 ರೂಪಾಯಿ. ಮನೆಯಾತ ದಿನಕ್ಕೆ 800 ಸಂಬಳದ ತೋಟದ ಕೆಲಸದವ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ 20 ದಿನ ದುಡಿದರೆ ಸರಿಹೋಯಿತು. ಮಳೆಗಾಲದಲ್ಲಿ ಸಿಗುವುದು 12 ದಿನವಾದರೆ ಬರುವುದು 9,600, ಕೊರತೆ 6,400. ಈ 6,400 ಎಲ್ಲಿಂದ ಎಂಬುದೇ ನಿಮ್ಮ ನಿಜವಾದ ಪ್ರಶ್ನೆ. ‘ಏನಾದರೂ ಒಳ್ಳೆ ಕೆಲಸ ಹುಡುಕಬೇಕು’ ಎಂದು ತಲೆ ಮೇಲೆ ಕೂತ ಭಾರ ಹೀಗೆ ಲೆಕ್ಕಕ್ಕೆ ಇಳಿದಾಗ ಅರ್ಧ ಕಡಿಮೆಯಾಗುತ್ತದೆ.

ಸಾಲವಿದ್ದರೆ ಮೂರು ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಲಿಖಿತ ಅರ್ಜಿ ಕೊಡಿಸಿ, ಹಿಂಬರಹ ಪಡೆಯಿರಿ. 90 ದಿನ ಬಾಕಿ ಬಿದ್ದ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ ಹೊಸ ಸಾಲಕ್ಕೆ ಹೋದರೆ ಬಾಗಿಲು ಮುಚ್ಚಿರುತ್ತದೆ. ಪ್ರಕೃತಿ ವಿಕೋಪವಾದಾಗ ಕಂತು ಮುಂದೂಡಲು, ಸಾಲದ ಅವಧಿ ಹೊಂದಿಸಿಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ, ಆದರೆ ಕೇಳದೆ ಕೂತವರಿಗೆ ಅದು ತಾನಾಗಿ ಸಿಗುತ್ತದೆಂದು ನಂಬಬೇಡಿ. ಪಿ.ಎಫ್. ಇದ್ದವರು ಭಾಗಶಃ ತೆಗೆಯಬಹುದು. ಪೂರ್ತಿ ಕಿತ್ತುಕೊಂಡರೆ ಪಿಂಚಣಿಗೆ ಬೇಕಾದ 10 ವರ್ಷದ ಸೇವೆಯ ಲೆಕ್ಕಕ್ಕೆ ಪೆಟ್ಟು ಬೀಳಬಹುದು. ಬೀಡಿ ಕಟ್ಟುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಿ, ವರ್ಷ ಎಷ್ಟಾಯಿತೆಂದು ಅವರಲ್ಲಿ ಹಲವರಿಗೆ ಗೊತ್ತಿರುವುದಿಲ್ಲ.

ಏನು ಬರುತ್ತದೆ ಎಂದು ತಿಳಿಯುವ ಬಗೆ

‘ನಿಮಗೆ ಏನೆಲ್ಲ ಬರುತ್ತದೆ?’ ಎಂದರೆ ‘ನನಗೇನೂ ಬರುವುದಿಲ್ಲ ಟೀಚರೇ’ ಎಂಬ ಉತ್ತರ ಖಂಡಿತ. ಬದಲಿಗೆ ದುರಂತಕ್ಕೆ ಮೊದಲಿನ ಒಂದು ಸಾಧಾರಣ ದಿನವನ್ನು ಬೆಳಿಗ್ಗೆಯಿಂದ ಕತ್ತಲೆಯವರೆಗೆ ಹೇಳಿಸಿ. ನಿಮ್ಮ ಪುಸ್ತಕದಲ್ಲಿ ನಾಲ್ಕು ಕಾಲಂ ಎಳೆಯಿರಿ: ಮಾಡಿದ ಕೆಲಸ, ಅದಕ್ಕೆ ಬೇಕಾದ ಸಾಮಾನು, ಆ ಸಾಮಾನು ಈಗ ಇದೆಯೇ, ದೇಹ ಮತ್ತು ಮನಸ್ಸು ಈಗ ಒಪ್ಪುತ್ತದೆಯೇ. ‘ಏನೂ ಬಾರದ’ ಅಕ್ಕ ಅಯಲ್‌ಕೂಟದ (ಕುಟುಂಬಶ್ರೀಯ ನೆರೆಕರೆ ಗುಂಪಿನ) ಕಾರ್ಯದರ್ಶಿಯಾಗಿ ಆರು ವರ್ಷ ಮಿನಿಟ್ಸ್ ಬರೆದಿರುತ್ತಾರೆ, ಬ್ಯಾಂಕ್ ಲಿಂಕೇಜ್ ಸಾಲದ ಲೆಕ್ಕ ಇಟ್ಟಿರುತ್ತಾರೆ, ಮದುವೆ ಮನೆಗೆ ನೂರು ಜನರ ಅಡಿಗೆ ಮಾಡಿರುತ್ತಾರೆ. ಅಂಗಡಿಯ ಲೆಕ್ಕದ ಕೆಲಸಕ್ಕೂ ಕ್ಯಾಟರಿಂಗ್ ಘಟಕಕ್ಕೂ ಇದೇ ಅನುಭವ.

ನಾಲ್ಕನೇ ಕಾಲಂ ಮೇಲೆ ಕಣ್ಣಿಡಿ. ಕಂಗು (ಅಡಿಕೆ ಮರ) ಹತ್ತಿ ಕೊನೆ ತೆಗೆಯುವ, ಮದ್ದು ಬಿಡುವ ಕೆಲಸದವರು ರಾತ್ರಿ ನಾಲ್ಕು ಗಂಟೆಯೂ ನಿದ್ದೆ ಮಾಡದೆ ಮರ ಹತ್ತಿದರೆ ಎರಡನೇ ದುರಂತಕ್ಕೆ ನಾವೇ ದಾರಿ ಮಾಡಿದ ಹಾಗೆ. ಮದ್ದು ಬಿಡುವ ಹೊತ್ತೂ ಮಳೆಗಾಲವೇ, ಗುಡ್ಡೆ ಹಸಿಯಾಗಿರುವಾಗಲೇ. ಅಂಥವರಿಗೆ ಒಂದಷ್ಟು ಕಾಲ ಅಡಿಕೆ ಸುಲಿಯುವುದು, ಚಾಲಿ (ಒಣ ಅಡಿಕೆ) ವಿಂಗಡಿಸುವುದು, ನೆಲದಲ್ಲೇ ನಿಂತು ಉದ್ದ ಕೋಲಿನಿಂದ ಮಾಡುವ ದೋಟಿ ಕೆಲಸ ಕಲಿಯುವುದು ಒಳ್ಳೆಯದು. ದೋಟಿಯಲ್ಲೂ ಮೊದಲ ವಾರಗಳಲ್ಲಿ ಕುತ್ತಿಗೆ, ಭುಜ ಹಿಡಿಯುತ್ತದೆ, ದಿನಕ್ಕೆ ಎರಡು ಗಂಟೆಯಿಂದ ಶುರುಮಾಡಲಿ.

ಬೀಡಿಯದು ಬೇರೆ ಕತೆ. ಎಲ್ಲಿ ಕೂತರೂ ಕಟ್ಟಬಹುದು, ಕತ್ತರಿ, ಮೊರ, ಅಳತೆಯ ತಗಡು ಇದ್ದರೆ ಸಾಕು. ಅದಕ್ಕೇ ಮತ್ತೆ ಬೇಗ ಶುರುವಾಗುವ ದುಡಿಮೆ ಅದು. ಮೊದಲು ದಿನಕ್ಕೆ ಸಾವಿರ ಕಟ್ಟುತ್ತಿದ್ದವರಿಗೆ ಮೊದಲ ವಾರ ದಿನಕ್ಕೆ 200 ಸಾಕು. ಸಾವಿರಕ್ಕೇ ಕೈಹಾಕಿದರೆ ಸುರುಳಿ ಸಡಿಲಾಗಿ, ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ತಿರಸ್ಕೃತವಾಗುತ್ತದೆ, ಆ ಅವಮಾನದಲ್ಲಿ ಮೊರವನ್ನೇ ಮೂಲೆಗಿಡುತ್ತಾರೆ. ನೆರೆಯಲ್ಲಿ ಹೋದ ಎಲೆ, ಹೊಗೆಸೊಪ್ಪಿನ ಬಾಕಿಯನ್ನು ಪಾಸ್ ಪುಸ್ತಕದಲ್ಲಿ ಹೇಗೆ ಬರೆದಿದ್ದಾರೆ ಎಂದು ನೋಡಿ. ಅದನ್ನು ಮಜೂರಿಯಿಂದ ಸುಮ್ಮನೆ ಮುರಿದುಕೊಳ್ಳುತ್ತಿದ್ದರೆ ಯೂನಿಯನಿನವರನ್ನು ಕರೆದುಕೊಂಡು ಹೋಗಿ ಮಾತಾಡಿ.

ಸುಟ್ಟ ಗಾಯದವರಿಗೆ ಕೆಲಸ ಹುಡುಕುವಾಗ ಡಾಕ್ಟರಲ್ಲಿ ಕೇಳಿಯೇ ಮುಂದುವರಿಯಿರಿ. ಕಲೆ ಮೆತ್ತಗಾಗಲು ಒಂದರಿಂದ ಎರಡು ವರ್ಷ ಹಿಡಿಯಬಹುದು. ಬಿಗಿ ಉಡುಪು ಕೊಟ್ಟಿದ್ದರೆ ಸ್ನಾನದ ಹೊತ್ತು ಬಿಟ್ಟು ಇಡೀ ದಿನ ತೊಡಬೇಕು. ಒಲೆ, ವೆಲ್ಡಿಂಗ್, ಬಿಸಿಲು ಕೆಲಸ ಅಲ್ಲಿಯವರೆಗೆ ಆಗದು. ಬೆರಳು ಮಡಚಲಾಗದಿದ್ದರೆ ಫಿಸಿಯೋಥೆರಪಿಯ ಹೊತ್ತನ್ನೂ ಕೆಲಸದ ಹೊತ್ತಿನ ಲೆಕ್ಕದಲ್ಲೇ ಸೇರಿಸಿ.

ಸದ್ಯದ ಕೆಲಸ, ಮುಂದಿನ ಕೆಲಸ

ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಸದ್ಯದ ಕೆಲಸಕ್ಕೆ ಮುಗಿಯುವ ತಾರೀಕು ಇರಬೇಕು: ಉದ್ಯೋಗ ಖಾತರಿ ಕೆಲಸವೋ, ಬಟ್ಟೆ ಅಂಗಡಿಯ ಹಬ್ಬದ ಸೀಸನೋ, ಬಲೆ ದುರಸ್ತಿಯೋ, ಮೂರು ತಿಂಗಳು ಎಂದು ಹೇಳಿಯೇ ಸೇರಲಿ. ತಾರೀಕಿಲ್ಲದಿದ್ದರೆ ‘ನನ್ನ ಜೀವನ ಇಷ್ಟೇ’ ಎಂಬ ಭಾವ ಬಂದುಬಿಡುತ್ತದೆ. ಬೋಟು ಕಳಕೊಂಡವರು ‘ಇನ್ನು ಕಡಲಿನ ಮುಖ ನೋಡುವುದಿಲ್ಲ’ ಎಂದರೆ ವಾದ ಬೇಡ, ಹೌದೆಂದು ಲೈಸೆನ್ಸನ್ನೂ ಮೀನುಗಾರರ ಕ್ಷೇಮನಿಧಿ ಸದಸ್ಯತ್ವವನ್ನೂ ಬಿಟ್ಟುಕೊಡಲೂ ಬಿಡಬೇಡಿ. ಆರು ತಿಂಗಳ ನಂತರ ಅದೇ ಮನಸ್ಸು ಬೇರೆ ಮಾತು ಹೇಳಬಹುದು.

ಮುಂದಿನ ಕೆಲಸಕ್ಕೆ ಸ್ವಂತ ಘಟಕ ಹಾಕುವ ಆಸೆಯಿದ್ದರೆ ಒಂದು ಎಚ್ಚರ. ಪ್ರತಿ ದುರಂತದ ನಂತರ ದಾನಿಗಳು ಹೊಲಿಗೆ ಮೆಷಿನು ಹಂಚುತ್ತಾರೆ. ಒಂದೇ ಬೀದಿಗೆ ಹತ್ತು ಮೆಷಿನು ಬಂದರೆ ಹತ್ತಕ್ಕೂ ಬಟ್ಟೆ ಸಿಗುವುದಿಲ್ಲ. ಆಟೋ ಕೊಳ್ಳುವವರು ಶೋರೂಮಿಗೆ ಹೋಗುವ ಮೊದಲು ಸ್ಟ್ಯಾಂಡಿಗೆ ಹೋಗಿ, ಅಲ್ಲಿ ಜಾಗ ಉಂಟೇ, ದಿನಕ್ಕೆ ಎಷ್ಟು ಬಾಡಿಗೆ ಓಡುತ್ತದೆ ಎಂದು ಕೇಳಲಿ. ಬ್ಯಾಂಕುಗಳು ನಡೆಸುವ ಸ್ವ ಉದ್ಯೋಗ ತರಬೇತಿ ಸಂಸ್ಥೆ ಆರ್‌ಸೆಟಿಯಲ್ಲಿ ತರಬೇತಿ ಉಚಿತ, ಮೊದಲು ಅಲ್ಲಿ ಕಲಿತು ನೋಡಲಿ.

ಸಬ್ಸಿಡಿ ಯೋಜನೆಗಳಲ್ಲಿ ಎಡವುವುದು ಅನುಕ್ರಮದಲ್ಲಿ. ಸ್ವಂತ ಘಟಕ ಹಾಕುವವರಿಗೆ ಸಾಲ, ಸಬ್ಸಿಡಿ ಕೊಡುವ ಕೇಂದ್ರ ಯೋಜನೆ ಪಿ.ಎಂ.ಇ.ಜಿ.ಪಿ. ಹೊಸ ಘಟಕಕ್ಕೆ ಮಾತ್ರ. ಪರಿಹಾರದ ಹಣದಲ್ಲಿ ಮೆಷಿನು ಕೊಂಡು ಕೆಲಸ ಶುರುಮಾಡಿದ ಮೇಲೆ ಅರ್ಜಿ ಹಾಕಿದರೆ ತಿರಸ್ಕೃತ. ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರು, ಅಲ್ಪಸಂಖ್ಯಾತರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಂಗವಿಕಲರಿಗೆ ಶೇ. 35 ಸಬ್ಸಿಡಿ. ಆದರೆ ಅದು ಕೈಗೆ ಬರುವ ಹಣವಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಅಷ್ಟು ಕಾಲದ ಕಂತು ಪೂರ್ತಿ ಸಾಲಕ್ಕೇ ಕಟ್ಟುವ ಶಕ್ತಿ ಇದೆಯೇ ಎಂದು ತಿಂಗಳ ಲೆಕ್ಕದ ಹಾಳೆ ಮುಂದಿಟ್ಟುಕೊಂಡು ನೋಡಿ. ಬಲೆ ನೇಯುವವರು, ದೋಣಿ ಕಟ್ಟುವವರು, ಬಡಗಿ, ಕಮ್ಮಾರ, ದರ್ಜಿ, ಚಾಪೆ ಬುಟ್ಟಿ ಹೆಣೆಯುವವರಿಗೆ ಪಿ.ಎಂ. ವಿಶ್ವಕರ್ಮದಲ್ಲಿ 15,000 ರೂಪಾಯಿಯ ಸಲಕರಣೆ, ಶೇ. 5 ಬಡ್ಡಿಗೆ ಮೊದಲ ಹಂತದಲ್ಲಿ 1 ಲಕ್ಷದವರೆಗೆ ಸಾಲ ಎಂದಿದೆ, ಮನೆಗೊಬ್ಬರಿಗೆ. ಬೇರೆ ಯೋಜನೆಯ ಸಾಲ ಮೊದಲೇ ಎತ್ತಿದ್ದರೆ ಇದು ತಪ್ಪಿಹೋಗಬಹುದು. ಆದ್ದರಿಂದ ಯಾವುದಕ್ಕೆ ಮೊದಲು ಎಂದು ವಿದ್ಯಾನಗರದ ಜಿಲ್ಲಾ ಉದ್ಯಮ ಕೇಂದ್ರದಲ್ಲಿ ಕೇಳಿ ಅರ್ಜಿ ಹಾಕಿ.

ಓದಿದ ಮಕ್ಕಳಿದ್ದರೆ ಕೇರಳ ಪಿ.ಎಸ್.ಸಿ.ಯ (ಲೋಕಸೇವಾ ಆಯೋಗ) ಆನ್‌ಲೈನ್ ತಾಣ ತುಳಸಿಯಲ್ಲಿ ನೋಂದಣಿ ಮಾಡಿಸಿಡಿ. ಕನ್ನಡ ಮಾಧ್ಯಮ ಅಧ್ಯಾಪಕ ಹುದ್ದೆ, ಕನ್ನಡ ಮಲೆಯಾಳ ಬಲ್ಲವರ ಕ್ಲರ್ಕ್ ಹುದ್ದೆಗಳಿಗೆ ಜಿಲ್ಲೆಯಲ್ಲಿ ಪ್ರತ್ಯೇಕ ಅಧಿಸೂಚನೆ ಬರುವುದುಂಟು. ಮಂಗಳೂರಿನ ಆಸ್ಪತ್ರೆ, ಅಂಗಡಿಗಳಿಗೆ ಹೋಗುವವರಿಗೆ ತೊಂದರೆ ಇಲ್ಲ. ಕರ್ನಾಟಕ ಸರಕಾರದ ಹುದ್ದೆಗೆ ಮಾತ್ರ ಕೇರಳದ ಜಾತಿ ಸರ್ಟಿಫಿಕೇಟಿನಿಂದ ಮೀಸಲಾತಿ ಸಿಗುವುದಿಲ್ಲ, ಆಸೆ ಹುಟ್ಟಿಸಬೇಡಿ.

ಗಲ್ಫಿಗೆ ಮತ್ತೆ ಹೊರಡುವವರು

ಊರಲ್ಲಿ ಎಷ್ಟು ತಿಂಗಳಾಯಿತು ಎಂದು ಮೊದಲು ಕೇಳಿ. ಗಲ್ಫಿನ ಹಲವು ಕಡೆ ಆರು ತಿಂಗಳು ಹೊರಗಿದ್ದರೆ ವಾಸದ ವೀಸಾ ರದ್ದಾಗುತ್ತದೆ. ಹೊಸದಾಗಿ ಹೋಗುವುದಾದರೆ ಏಜೆಂಟನ ಲೈಸೆನ್ಸ್ ನಂಬ್ರ ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಇದೆಯೇ ನೋಡಿ. ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿ.ಎಸ್.ಟಿ. ಶಿಬಿರದೊಳಗೇ ಬಂದು ‘ಎರಡು ಲಕ್ಷ ಕೊಟ್ಟರೆ ಮುಂದಿನ ವಾರವೇ’ ಎನ್ನುವವನನ್ನು ಹೊರಗೆ ಕಳಿಸಿ. ಇನ್ನು ಹೋಗುವುದಿಲ್ಲ ಎಂದು ನಿರ್ಧರಿಸಿದವರು ಎರಡು ವರ್ಷ ಹೊರಗೆ ದುಡಿದಿದ್ದರೆ ಅನಿವಾಸಿ ಕೇರಳೀಯರ ಸರಕಾರಿ ಸಂಸ್ಥೆಯಾದ ನೋರ್ಕದ ಎನ್.ಡಿ.ಪಿ.ಆರ್.ಇ.ಎಂ. ಯೋಜನೆಯಲ್ಲಿ ಶೇ. 15, ಗರಿಷ್ಠ 3 ಲಕ್ಷದ ಬಂಡವಾಳ ಸಬ್ಸಿಡಿಗೆ ಅರ್ಜಿ ಹಾಕಬಹುದು.

ಕೆಲಸ ಕೊಡುವವರ ಜೊತೆ ಮಾತು

ಬಯೋಡೇಟಾದಲ್ಲಿ ದುರಂತದ ವಿವರ ಬೇಡ. ಸಂದರ್ಶನದಲ್ಲಿ ನಡುವಿನ ಖಾಲಿ ತಿಂಗಳ ಬಗ್ಗೆ ಕೇಳಿದರೆ ಎರಡು ವಾಕ್ಯ ಕಲಿಸಿಡಿ: ‘ಗುಡ್ಡೆ ಕುಸಿದು ಮನೆ ಹೋದ ಕಾರಣ ಎಂಟು ತಿಂಗಳು ಕೆಲಸ ಮಾಡಲಾಗಲಿಲ್ಲ. ಈಗ ಮನೆಯವರು ಒಂದು ಕಡೆ ನೆಲೆಯಾಗಿದ್ದಾರೆ, ಒಂದನೇ ತಾರೀಕಿನಿಂದ ಬರಬಲ್ಲೆ.’ ಅಲ್ಲಿಗೆ ನಿಲ್ಲಿಸಬೇಕು. ನಿಮ್ಮೆದುರು ಐದಾರು ಸಲ ಗಟ್ಟಿಯಾಗಿ ಹೇಳಿಸಿ, ಗಂಟಲು ಕಟ್ಟದೆ ಹೇಳಲು ಬಂದ ಮೇಲೆಯೇ ಕಳಿಸಿ.

ಮಾಲೀಕರಲ್ಲಿ ಕರುಣೆ ಕೇಳಬೇಡಿ, ಇಂತಿಷ್ಟು ಎಂದು ಕೇಳಿ: ಮೊದಲ ಎರಡು ವಾರ ದಿನಕ್ಕೆ ನಾಲ್ಕು ಗಂಟೆ, ಮುಂದಿನ ಎರಡು ವಾರ ಆರು, ಆಮೇಲೆ ಪೂರ್ತಿ. ಆಸ್ಪತ್ರೆಗೆ ವಾರದಲ್ಲಿ ಅರ್ಧ ದಿನ. ಮಳೆಗೆ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳಿ. ಜಿಲ್ಲೆಗೆ ಆರೆಂಜ್, ರೆಡ್ ಅಲರ್ಟ್ ಬಂದ ದಿನ ಹೆಚ್ಚಿನವರ ಗಮನ ಕೆಲಸದಲ್ಲಿರುವುದಿಲ್ಲ, ಮನೆಗೆ ಎರಡು ಗಂಟೆಗೊಮ್ಮೆ ಫೋನ್ ಮಾಡಲು ಬಿಡುತ್ತೀರಾ ಎಂದು ಮೊದಲೇ ಕೇಳಿಟ್ಟರೆ ಅರ್ಧಕ್ಕೆ ಓಡಿಹೋಗಿ ಕೆಲಸ ಕಳಕೊಳ್ಳುವುದು ತಪ್ಪುತ್ತದೆ. ದುರಂತ ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಆಗಿದ್ದರೆ ಮುಂದಿನ ಆಟಿಯಲ್ಲಿ ಪರೀಕ್ಷೆ, ಹೊಸ ಅಂಗಡಿ, ದೊಡ್ಡ ಆರ್ಡರ್ ಯಾವುದನ್ನೂ ಇಟ್ಟುಕೊಳ್ಳಬೇಡಿ. ವರ್ಷ ತುಂಬುವ ದಿನಗಳಲ್ಲಿ ಹಳೆಯ ಭಯ ಮರಳುವುದು ಸಾಮಾನ್ಯ.

ನಿಮ್ಮ ಕೈಮೀರಿದ್ದು

ಹೆಚ್ಚಿನವರು ಮನೆಯವರ, ನೆರೆಕರೆಯವರ ಆಸರೆಯಲ್ಲೇ ನಿಧಾನಕ್ಕೆ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಅದೇ ದೃಶ್ಯ ಕಣ್ಣಮುಂದೆ ಬರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಆ ದಾರಿಯನ್ನೇ ಬಿಟ್ಟು ನಡೆಯುವುದು, ಯಾರೂ ಬೇಡವೆನಿಸುವುದು, ಕುಡಿತ ಏರುವುದು ಕಂಡರೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಬಳಿಗೆ ಕರೆದೊಯ್ಯಿರಿ, ಹೆಸರು ಬರೆದು ಕೊಟ್ಟು ಕೈತೊಳೆಯಬೇಡಿ. ಕುಸಿದ ಜಾಗಕ್ಕೆ ಕರೆದುಕೊಂಡು ಹೋಗಿ ‘ಭಯ ಬಿಡಿಸುವ’ ಪ್ರಯೋಗ ನಿಮ್ಮದಲ್ಲ. ‘ನಾನೂ ಅವರೊಟ್ಟಿಗೆ ಹೋಗಬೇಕಿತ್ತು’ ಎಂಬ ಮಾತು ಬಂದರೆ ನೇರವಾಗಿ ಕೇಳಿ: ‘ಸಾಯುವ ಯೋಚನೆ ಬರ್ತದಾ?’ ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಹೋಗಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲಿ ಮಾತಾಡಬಹುದು. ಕೇರಳದ ದಿಶಾ ಸಹಾಯವಾಣಿ 1056.

ಕೆಲಸ ಸಿಕ್ಕಿದ ದಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ ಪುಸ್ತಕ ಮುಚ್ಚುವವರುಂಟು. ಫೋಟೋ ಹಾಕಲೇಬೇಡಿ, ಪುಸ್ತಕವನ್ನೂ ಮುಚ್ಚಬೇಡಿ. ಮೊದಲ ಸಂಬಳ ಬಂದ ವಾರ, ಮೂರನೇ ಸಂಬಳದ ವಾರ, ವರ್ಷ ತುಂಬುವುದಕ್ಕೆ ಹದಿನೈದು ದಿನ ಮೊದಲು ಫೋನ್ ಮಾಡಿ ಮೂರು ಕೇಳಿ: ಕಳೆದ ತಿಂಗಳು ಎಷ್ಟು ದಿನ ಕೆಲಸಕ್ಕೆ ಹೋದಿರಿ, ಸಂಘದ ಕಂತು ಕಟ್ಟಿದಿರಾ, ನಿದ್ದೆ ಹೇಗುಂಟು. ಮೂರರಲ್ಲಿ ಎರಡಕ್ಕೆ ಉತ್ತರ ತಡವರಿಸಿದರೆ ಮುಂದಿನ ವಾರದಿಂದ ಮತ್ತೆ ಚೀಟಿ ಬರೆಯಲು ಕೂತುಕೊಳ್ಳಿ.